ಮಡಿಕೆ ಬಿಡಿಸಿದರೇ ನಕ್ಷೆ ಸರಿಯಾಗಿ ಕಾಣುವುದು
ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಬಳಸಿ ನೋಟದ ನಕ್ಷೆಯನ್ನು, ಅಂದರೆ ಕಣ್ಣೆದುರಿನ ಯಾವ ಜಾಗ ಮಿದುಳಿನ ಯಾವ ಜಾಗಕ್ಕೆ ಸೇರಿದ್ದು ಎಂಬುದನ್ನು, ಮಿದುಳಿನ ಮೇಲೆ ಗುರುತಿಸುವ ಬಗೆಯನ್ನು ನಾನು ಓದಿದ ಲೇಖನವೊಂದು ಚೆನ್ನಾಗಿ ವಿವರಿಸಿದೆ. ಆದರೆ ಸ್ಕ್ಯಾನರ್ ಒಳಗಿರುವವರಿಗೆ ತಿರುಗುವ ಬೆಣೆ, ಹಿಗ್ಗುವ ಉಂಗುರದ ಚಿತ್ರಗಳನ್ನು ತೋರಿಸುವುದು ಅರ್ಧ ಕೆಲಸ ಮಾತ್ರ. ವಿ1, ಅಂದರೆ ನೋಟದ ಮಾಹಿತಿ ಮಿದುಳಿನ ಹೊರಪದರದಲ್ಲಿ ಮೊದಲು ತಲುಪುವ ಭಾಗ; ಅದರ ಹೆಚ್ಚಿನ ಪಾಲು ಮಿದುಳಿನ ಹಿಂಭಾಗದ ಕ್ಯಾಲ್ಕರೈನ್ ಸೀಳು ಎಂಬ ಆಳವಾದ ಮಡಿಕೆಯೊಳಗೆ ಅಡಗಿದೆ. ಆ ಸೀಳಿನ ಎರಡು ದಡಗಳು ಸ್ಕ್ಯಾನ್‌ನಲ್ಲಿ ಅಕ್ಕಪಕ್ಕ ಕಾಣುತ್ತವೆ. ಆದರೆ ಮೇಲಿನ ದಡ ನೋಟದ ಕೆಳಭಾಗಕ್ಕೆ, ಕೆಳಗಿನದು ಮೇಲ್ಭಾಗಕ್ಕೆ ಸೇರಿದ್ದು! ಮಡಿಕೆ ಬಿಡಿಸದೆ ಸುಮ್ನೆ ಜಾಸ್ತಿ ಸ್ಮೂತಿಂಗ್ (ಅಕ್ಕಪಕ್ಕದ ಸಂಕೇತಗಳನ್ನು ಸರಾಸರಿ ಮಾಡುವುದು) ಮಾಡಿದರೆ ಎರಡೂ ಬೆರೆತುಹೋಗುತ್ತವೆ. ಫ್ರೀಸರ್ಫರ್‌ನಂಥ ತಂತ್ರಾಂಶದಲ್ಲಿ ಮಿದುಳಿನ ಹೊರಪದರವನ್ನು ಬಲೂನಿನಂತೆ ಉಬ್ಬಿಸಿ ನೋಡುವುದು ಅದಕ್ಕೇ.

ವಿ1 ಮತ್ತು ಅದರ ಪಕ್ಕದ ನೋಟದ ಭಾಗವಾದ ವಿ2, ಇವೆರಡರ ಗಡಿ ಹಿಡಿಯುವ ಬಗೆಯನ್ನೂ ಲೇಖನದಲ್ಲಿ ಬರೆಯಬೇಕಿತ್ತು, ಅಲ್ವಾ? ಅಲ್ಲಿ ಕೋನದ ನಕ್ಷೆ (ನೋಟದ ನಡುವಿನಿಂದ ಯಾವ ದಿಕ್ಕಿನ ಜಾಗ ಎಂದು ತೋರಿಸುವುದು) ಕನ್ನಡಿ ಬಿಂಬದಂತೆ ಹಿಂದಕ್ಕೆ ತಿರುಗುತ್ತದೆ. 1995ರಲ್ಲಿ ಸಂಶೋಧಕ ಸೆರೆನೊ ಮತ್ತು ಸಂಗಡಿಗರು ಮನುಷ್ಯರ ಮಿದುಳಿನಲ್ಲಿ ಗಡಿಗಳನ್ನು ಗುರುತಿಸಿದ್ದು ಇದರಿಂದಲೇ. ಈ ಇಡೀ ವಿಧಾನದಲ್ಲಿ ನನಗೆ ತುಂಬಾ ಸೊಗಸಾಗಿ ಕಾಣುವುದು ಇದೇ ತಿರುವು.