ಕಬ್ಬಿಣದ ಅಕ್ಕಿ

ಭತ್ತದ ಸತ್ವವನ್ನು ನಿಜವಾಗಿ ಉಣ್ಣುವವರು ಯಾರೆಂದು ತಿಳಿಯಬೇಕಾದರೆ ಕೊಟ್ಟಿಗೆಗೆ ಹೋಗಬೇಕು. ಅಕ್ಕಿಯ ಕಬ್ಬಿಣ ಬಹುಪಾಲು ಇರುವುದೇ ತವುಡಿನಲ್ಲಿ. ಗಿರಣಿ ಅದನ್ನು ಉಜ್ಜಿ ತೆಗೆಯುತ್ತದೆ, ನಾವು ಕಲಗಚ್ಚಿಗೆ ಬೆರೆಸಿ ಎಮ್ಮೆಗೆ ಕುಡಿಸುತ್ತೇವೆ. ಎಮ್ಮೆ ದುಂಡಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ. ಅನ್ನ ಮಾತ್ರ ಮಲ್ಲಿಗೆಯಷ್ಟು ಬೆಳ್ಳಗಿದೆ.

ತಳಿ ವಿಜ್ಞಾನಿಗಳು ಸುಮ್ಮನೆ ಕುಳಿತಿಲ್ಲ. ಪಾಲಿಶ್ ಮಾಡಿದ ಮೇಲೂ ಉಳಿಯುವಂತೆ ಕಾಳಿನೊಳಗೇ ಪೌಷ್ಟಿಕಾಂಶ ತುಂಬಲು ವರ್ಷಗಟ್ಟಲೆ ದುಡಿದರು. ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆ ಪ್ರೋಟೀನ್ ಹೆಚ್ಚಿರುವ ಸಿಆರ್ ಧಾನ್ 310, ಸತುವು (ಜಿಂಕ್) ಹೆಚ್ಚಿರುವ ಸಿಆರ್ ಧಾನ್ 315 ಎಂಬ ಭತ್ತದ ತಳಿಗಳನ್ನು ಕೊಟ್ಟಿತು. 2020ರ ಅಕ್ಟೋಬರ್ 16ರಂದು ಪ್ರಧಾನಿಯವರು ಎಂಟು ಬೆಳೆಗಳ 17 ಪೌಷ್ಟಿಕ ತಳಿಗಳನ್ನು ದೇಶಕ್ಕೆ ಅರ್ಪಿಸಿದರು. ಚಪ್ಪಾಳೆಯೂ ಆಯಿತು.

ಇನ್ನು ರೈತ ಆ ಭತ್ತವನ್ನು ಬೆಳೆದು ಖರೀದಿ ಕೇಂದ್ರಕ್ಕೆ ತರಲಿ. ಅಲ್ಲಿ ತೇವಾಂಶ ನೋಡುತ್ತಾರೆ, ಕಲ್ಲುಮಣ್ಣು ನೋಡುತ್ತಾರೆ, ಆಮೇಲೆ ವಧುಪರೀಕ್ಷೆಯಂತೆ ಮೈಕಟ್ಟು ನೋಡುತ್ತಾರೆ. ಅಕ್ಕಿಯ ಉದ್ದ ಅಗಲದ ಎರಡೂವರೆ ಪಟ್ಟಾದರೂ ಇದ್ದರೆ ಭತ್ತ ‘ಎ’ ದರ್ಜೆ, ಬೆಂಬಲ ಬೆಲೆಯಲ್ಲಿ ಕ್ವಿಂಟಲಿಗೆ ಇಪ್ಪತ್ತು ರೂಪಾಯಿ ಹೆಚ್ಚು. ಸತುವು ಎಷ್ಟಿದೆ ಎಂದು ಕೇಳುವ ಕಾಲಂ ಅರ್ಜಿಯಲ್ಲಿಲ್ಲ. ತೆಳ್ಳಗಿದ್ದರೆ ಇಪ್ಪತ್ತು, ಪುಷ್ಟಿಯಿದ್ದರೆ ಸೊನ್ನೆ. ಪುಷ್ಟಿಯಿರುವುದೂ ಇಲ್ಲದ್ದೂ ಒಂದೇ ಗೋದಾಮಿಗೆ ಹೋಗಿ ಒಂದೇ ರಾಶಿಯಾಗುತ್ತವೆ. (ಇಡಿಯಾಗಿ ಬೀಸಿ ಮುದ್ದೆ ಕಟ್ಟುವ ರಾಗಿಗೆ ಈ ಪಾಲಿಶ್ ಭಾಗ್ಯವಿಲ್ಲ, ಬಹುಶಃ ಅದಕ್ಕೇ ಅದು ಇಷ್ಟು ಕಾಲ ಬಡವರ ಊಟವಾಗಿತ್ತು.)

ತಳಿಯ ದಾರಿ ನಿಧಾನ ಎನ್ನಿಸಿತೋ ಏನೋ, 2021ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಸಾರವರ್ಧಿತ ಅಕ್ಕಿಯ ಘೋಷಣೆ ಬಂತು. ವಿಧಾನ ಸರಳ. ಮೊದಲು ಅಕ್ಕಿಯಿಂದ ಕಬ್ಬಿಣ ತೆಗೆಯಿರಿ. ಬಳಿಕ ಆ ಅಕ್ಕಿಯನ್ನು ಹಿಟ್ಟು ಮಾಡಿ, ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ, ಯಂತ್ರದಲ್ಲಿ ಒತ್ತಿ ಮತ್ತೆ ಅಕ್ಕಿಯ ಆಕಾರ ಕೊಡಿ. ನೂರು ಕಿಲೋ ಮಾಮೂಲಿ ಅಕ್ಕಿಗೆ ಒಂದು ಕಿಲೋದಂತೆ ಬೆರೆಸಿ ಪಡಿತರ ಅಂಗಡಿಗೆ ಕಳಿಸಿ.

ಮನೆಯಲ್ಲಿ ಅಮ್ಮ ಮೊರ ಹಿಡಿಯುತ್ತಾಳೆ. ಬಣ್ಣ ಒಂದಿಷ್ಟು ಬೇರೆಯಿರುವ ಆ ಕಾಳು ಕಣ್ಣಿಗೆ ಬೀಳುತ್ತದೆ, ನೀರಿಗೆ ಹಾಕಿದರೆ ತೇಲುತ್ತದೆ. ಪ್ಲಾಸ್ಟಿಕ್ ಅಕ್ಕಿ! ಅಲ್ಲವೆಂದು ಅಧಿಕಾರಿಗಳು ಎಷ್ಟು ಹೇಳಿದರೂ, ವಾಟ್ಸ್‌ಆ್ಯಪ್ ಹೌದು ಎಂದಿದೆ. ಆಯ್ದು ಆಯ್ದು ಅಂಗಳಕ್ಕೆ ಎಸೆಯುತ್ತಾಳೆ. ಈಗ ಕೋಳಿಯೂ ದುಂಡಗಾಗಿದೆ.

ಮಗಳಿಗೆ ಚಿಂತೆಯಿಲ್ಲ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣದ ಮಾತ್ರೆ ಕೊಡುತ್ತಾರೆ. ನೀಲಿ ಬಣ್ಣದ್ದು, ಪಾಲಿಶ್ ಬಹಳ ಚೆನ್ನಾಗಿದೆ.