ಮೌಂಟೇನ್ ಬೈಕ್ ಕಲಿಯೋಕೆ ನಂದಿಬೆಟ್ಟ ಹತ್ತಬೇಕಾಗಿಲ್ಲ, ಕೆರೆ ಏರಿ ಸಾಕು

ಚಿಕ್ಕಬಳ್ಳಾಪುರದಲ್ಲಿ ಸೈಕಲ್ ಅಂದ ಕೂಡಲೇ ಎಲ್ಲರ ಬಾಯಲ್ಲೂ ಬರೋದು ನಂದಿಬೆಟ್ಟ. ಬೆಂಗಳೂರಿನಿಂದ ನೂರಾರು ಜನ ಭಾನುವಾರ ಬೆಳಕು ಹರಿಯೋ ಮೊದಲೇ ಬಂದು, 1,478 ಮೀಟರ್ ಎತ್ತರದ ಬೆಟ್ಟವನ್ನು ಟಾರು ರಸ್ತೆಯಲ್ಲಿ ಹತ್ತಿ ಇಳಿಯುತ್ತಾರೆ. ಅವರ ದಮ್ಮಿನ ಬಗ್ಗೆ ನನಗೆ ಗೌರವ ಇದೆ. ಆದರೆ ಮಣ್ಣಿನ ದಾರಿಯಲ್ಲಿ ಸೈಕಲ್ ಓಡಿಸೋದನ್ನು ಹೊಸದಾಗಿ ಕಲಿಯುವವರಿಗೆ ಆ ರಸ್ತೆ ಬೇಡ. ಕಡಿದಾದ ತಿರುವು, ಹಿಂದೆ ಮುಂದೆ ಕಾರು. ಕಲಿಯುವವರಿಗೆ ಬೇಕಾದ್ದೆಲ್ಲ ಬೆಟ್ಟದ ಬುಡದಲ್ಲೇ ಇದೆ. ಬಂಡಿದಾರಿ, ಕಾಲುದಾರಿ, ಕೆರೆ ಏರಿ.

ಈ ದಸರಾ ರಜೆಯನ್ನು ನಾನು, ನನ್ನ ತಮ್ಮ, ಅವನ ಮಗ ಮೂವರೂ ಈ ದಾರಿಗಳಲ್ಲೇ ಕಳೆದೆವು. ಹುಡುಗನಿಗೆ ಮೊದಲೇ ಸ್ವಲ್ಪ ಅಭ್ಯಾಸ ಇತ್ತು. ನಮ್ಮಿಬ್ಬರಿಗೂ ಗೇರ್ ಸೈಕಲ್ಲೇ ಹೊಸದು. ನಂದಿ ಗ್ರಾಮದ ಹತ್ತಿರ ಉಳಿದುಕೊಂಡು, ಬೆಳಗ್ಗೆ ಭೋಗನಂದೀಶ್ವರನ ದೇವಸ್ಥಾನದ ಕಡೆಯಿಂದ ಹೊರಟರೆ ಬಿಸಿಲು ಏರುವಷ್ಟರಲ್ಲಿ ವಾಪಸ್. ರೈಲಿನಲ್ಲಿ ಬರುವವರಿಗೂ ಅನುಕೂಲವೇ. ನಂದಿ ಹಾಲ್ಟ್ ಸ್ಟೇಷನ್ ಹತ್ತಿರದಲ್ಲೇ ಇದೆ.

ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ದಾರಿ ಯಾಕಿವೆ ಅಂತ ಯೋಚನೆ ಮಾಡಿದ್ದೀರಾ? ಪೆನ್ನಾರ್, ಅರ್ಕಾವತಿ, ಚಿತ್ರಾವತಿ ಎಲ್ಲ ನಂದಿಯ ಸುತ್ತಮುತ್ತಲೇ ಹುಟ್ಟುತ್ತವೆ. ಆದರೆ ವರ್ಷವಿಡೀ ಹರಿಯುವ ನದಿ ನಮಗೆ ಒಂದೂ ಇಲ್ಲ. ಅದಕ್ಕೇ ಹಿಂದಿನವರು ಕೆರೆ ಮೇಲೆ ಕೆರೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಏರಿ ಕಾಯುವವರು, ತೂಬು ಎತ್ತುವವರು, ದನ ಮೇಯಿಸುವವರು, ಹೊಲಕ್ಕೆ ಗೊಬ್ಬರ ಹೊಡೆಯುವವರು ನಡೆದೂ ನಡೆದೂ ಈ ದಾರಿಗಳಾಗಿವೆ. ಒಂದು ಏರಿ ಹಿಡಿದು ಹೊರಟರೆ ಇನ್ನೊಂದು ಕೆರೆ ಸಿಗುತ್ತದೆ.

ಈ ಆಟ ಹುಟ್ಟಿದ್ದೂ ಇಂಥ ದಾರಿಗಳಲ್ಲೇ. 1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಗೆಳೆಯರು ಹಳೇ ದಪ್ಪ ಟೈರಿನ ಸೈಕಲ್‌ಗಳನ್ನು ತಗೊಂಡು ಮಣ್ಣಿನ ರಸ್ತೆಯಲ್ಲಿ ಬೆಟ್ಟ ಇಳಿಯುತ್ತಿದ್ದರು. ಅದು ಕಾಡಿನ ಬೆಂಕಿ ಆರಿಸಲು ಹೋಗುವ ಗಾಡಿಗಳಿಗೆ ಮಾಡಿದ್ದ ರಸ್ತೆ. 1976ರಲ್ಲಿ ಅಲ್ಲೇ ರೇಸ್ ಶುರುವಾಯಿತು. ಅದರ ಹೆಸರು ರಿಪ್ಯಾಕ್. ಇಳಿದು ಮುಗಿಸುವಷ್ಟರಲ್ಲಿ ಹಿಂದಿನ ಚಕ್ರದ ಬ್ರೇಕ್ ಕಾದು ಒಳಗಿನ ಗ್ರೀಸ್ ಸುಟ್ಟು ಹೋಗುತ್ತಿತ್ತಂತೆ. ಪ್ರತಿ ಸಲ ಹೊಸ ಗ್ರೀಸ್ ತುಂಬಬೇಕಿತ್ತು, ಅದಕ್ಕೆ ಆ ಹೆಸರು. 20 ವರ್ಷಕ್ಕೆ, 1996ರ ಅಟ್ಲಾಂಟಾದಲ್ಲಿ, ಇದು ಒಲಿಂಪಿಕ್ಸ್ ಆಟ. ಶುರುವಿನಲ್ಲಿ ಇದಕ್ಕೆ ಅಂತ ಯಾರೂ ಟ್ರ್ಯಾಕ್ ಕಟ್ಟಿರಲಿಲ್ಲ. ಇದ್ದ ದಾರಿ ಸಾಕಾಗಿತ್ತು.

ಇನ್ನು ನಮ್ಮ ನೆಲದ ವಿಷಯ. ಇಲ್ಲಿನದು ಗರಸು ನೆಲ. ಕೆಳಗೆ ಗಟ್ಟಿ, ಮೇಲೆ ರಾಗಿ ಚೆಲ್ಲಿದ ಹಾಗೆ ಸಣ್ಣ ಕಲ್ಲು. ತಿರುವಿನಲ್ಲಿ ಮುಂದಿನ ಬ್ರೇಕ್ ಗಟ್ಟಿಯಾಗಿ ಒತ್ತಿದರೆ ಚಕ್ರ ಜಾರುತ್ತದೆ, ಅನುಮಾನವೇ ಬೇಡ. ತಿರುವು ಬರೋ ಮೊದಲೇ, ಸೈಕಲ್ ನೇರ ಇರುವಾಗಲೇ ವೇಗ ಇಳಿಸಬೇಕು. ತಿರುವಿನೊಳಗೆ ಬ್ರೇಕ್ ಬಿಟ್ಟುಬಿಡಬೇಕು. ಹಾಗಂತ ಮುಂದಿನ ಬ್ರೇಕ್‌ಗೆ ಹೆದರಿ ಬರೀ ಹಿಂದಿನದನ್ನೇ ಹಿಡಿಯೋದೂ ತಪ್ಪು. ಸೈಕಲ್ ನಿಲ್ಲಿಸುವ ಶಕ್ತಿ ಜಾಸ್ತಿ ಇರೋದು ಮುಂದಿನದರಲ್ಲೇ. ಒಂದೇ ಬೆರಳಲ್ಲಿ, ನಿಧಾನವಾಗಿ ಒತ್ತಬೇಕು ಅಷ್ಟೇ.

ಇಳಿಜಾರಿನಲ್ಲಿ ಸೀಟಿನ ಮೇಲೆ ಕೂರಬಾರದು. ಸೀಟು ತಗ್ಗಿಸಿಕೊಂಡು, ಎರಡೂ ಪೆಡಲ್ ಸಮ ಮಾಡಿ, ಎದ್ದು ನಿಲ್ಲಬೇಕು. ಮಂಡಿ, ಮೊಣಕೈ ಸಡಿಲ ಇರಬೇಕು. ಏರುವಾಗ ಇದಕ್ಕೆ ಉಲ್ಟಾ. ಎದ್ದು ತುಳಿದರೆ ಹಿಂದಿನ ಚಕ್ರ ಸುಮ್ನೆ ಗಿರಗಿರ ತಿರುಗುತ್ತದೆ, ಸೈಕಲ್ ಮುಂದೆ ಹೋಗಲ್ಲ. ಕೂತೇ, ಸೀಟಿನ ಮುಂದಕ್ಕೆ ಸರಿದು, ಹಗುರ ಗೇರಿನಲ್ಲಿ ಒಂದೇ ಸಮ ತುಳಿಯಬೇಕು. ಎಲ್ಲಕ್ಕಿಂತ ಮುಖ್ಯ ಕಣ್ಣು. ದಾರಿ ಮಧ್ಯದ ಕಲ್ಲನ್ನೇ ನೋಡುತ್ತಿದ್ದರೆ ಸೈಕಲ್ ಆ ಕಲ್ಲಿಗೇ ಹೋಗುತ್ತದೆ. "ಅತ್ತೆ, ಕಲ್ಲು ನೋಡ್ಬೇಡಿ, ದಾರಿ ನೋಡಿ" ಅಂತ ನಮ್ಮ ಹುಡುಗ ಹಿಂದಿನಿಂದ ಕೂಗುತ್ತಲೇ ಇದ್ದ. ಈ ಒಂದು ಮಾತು ಮೈಗೆ ಹತ್ತಿದ ಮೇಲೆ ಉಳಿದದ್ದೆಲ್ಲ ತಾನಾಗಿ ಬಂತು.

ಬಾಡಿಗೆಗೆ ತರುವವರು ಟೈರಿನ ಗಾಳಿ ನೋಡಿಕೊಳ್ಳಿ. ಟಾರು ರಸ್ತೆಗೆ ಅಂತ ಕಲ್ಲಿನ ಹಾಗೆ ತುಂಬಿಸಿರುತ್ತಾರೆ. ಟ್ಯೂಬ್ ಇರುವ ಟೈರಾದರೆ 30 ಪಿಎಸ್ಐ ಆಸುಪಾಸಿಗೆ ಇಳಿಸಿ, ತೂಕಕ್ಕೆ ತಕ್ಕಂತೆ ಸ್ವಲ್ಪ ಹೆಚ್ಚು ಕಡಿಮೆ. ಟೈರು ನೆಲವನ್ನು ಹಿಡಿಯುತ್ತದೆ, ಕೈ ನೋವೂ ಕಡಿಮೆ. ಜಾಲಿ ಮುಳ್ಳು, ನೆಗ್ಗಿಲು ಮುಳ್ಳು ಎಲ್ಲ ಕಡೆ ಇವೆ, ಪಂಕ್ಚರ್ ಸಾಮಾನು ಜೊತೆಗಿರಲಿ. ಹೆಲ್ಮೆಟ್ ಬಗ್ಗೆ ಹೇಳಲೇಬೇಕಾಗಿಲ್ಲ ಅಲ್ವಾ? ಊರ ನಾಯಿ ಅಟ್ಟಿಸಿಕೊಂಡು ಬಂದರೆ ಇಳಿದು, ಸೈಕಲನ್ನು ಮಧ್ಯಕ್ಕೆ ಹಿಡಿದು ನಡೆಯಿರಿ, ಸುಮ್ಮನಾಗುತ್ತವೆ.

ಮುದ್ದೇನಹಳ್ಳಿ ಸುತ್ತಮುತ್ತಲಿನ ದಾರಿಗಳು ನನಗೆ ತುಂಬಾ ಇಷ್ಟವಾದವು. ಒಂದು ಕಡೆ ದ್ರಾಕ್ಷಿ ಚಪ್ಪರ, ಇನ್ನೊಂದು ಕಡೆ ಹಿಪ್ಪುನೇರಳೆ, ನಡುವೆ ಸೇವಂತಿಗೆ. ವಿಶ್ವೇಶ್ವರಯ್ಯನವರ ಮನೆ ನೋಡಿಕೊಂಡು ಮತ್ತೆ ಮಣ್ಣಿನ ದಾರಿಗೆ ಇಳಿದರೆ ಎದುರಿಗೇ ಬೆಟ್ಟಗಳ ಸಾಲು. ಕಳವಾರದ ಕಡೆಗೂ ಹೋದೆವು. ಸ್ಕಂದಗಿರಿ ಮೇಲಕ್ಕೆ ಸೈಕಲ್ ಒಯ್ಯುವ ಯೋಚನೆ ಬೇಡ. ಅದು ಅರಣ್ಯ ಇಲಾಖೆಯ ಅನುಮತಿ ಪಡೆದು ನಡೆದು ಹತ್ತುವ ಬೆಟ್ಟ. ಪಾಪಾಗ್ನಿ ಮಠದವರೆಗಿನ ದಾರಿಯೇ ನಮ್ಮಂಥವರಿಗೆ ಸಾಕು.

ಈಗ ಈ ಬರಹ ಬರೆಯಲು ಕೂರಿಸಿದ ವಿಷಯಕ್ಕೆ ಬರುತ್ತೇನೆ. ಒಂದು ಊರಿನ ಹೊರಗೆ ಬಂಡಿದಾರಿ ಇದ್ದಕ್ಕಿದ್ದಂತೆ ತಂತಿ ಬೇಲಿಗೆ ಮುಟ್ಟಿ ನಿಂತುಹೋಯಿತು. ಬೇಲಿಯಾಚೆ ಸೈಟುಗಳ ಕಲ್ಲು ನೆಟ್ಟಿದ್ದರು. ಅಲ್ಲೇ ಹಸು ಮೇಯಿಸುತ್ತಿದ್ದ ಅಜ್ಜ ಹೇಳಿದರು, "ನಮ್ ತಾತನ ಕಾಲದಿಂದ ಐತೆ ಕಣಮ್ಮ ಈ ದಾರಿ. ಈಗ ಬೇಲಿ ಹಾಕವ್ರೆ. ದನ ಹೊಡ್ಕೊಂಡು ಹೋಗಕ್ಕೂ ಊರೆಲ್ಲ ಸುತ್ಕೊಂಡು ಹೋಗ್ಬೇಕು." ನಮಗೆ ಅದು ಒಂದು ಬೆಳಗಿನ ಸವಾರಿ. ಅವರಿಗೆ ದಿನಾ ಬೆಳಗ್ಗೆ, ದಿನಾ ಸಂಜೆ.

ಗ್ರಾಮ ನಕಾಶೆ ತೆಗೆದು ನೋಡಿ. ಒಂಟಿ ಚುಕ್ಕೆ ಗೆರೆ ಇದ್ದರೆ ಕಾಲುದಾರಿ, ಜೋಡಿ ಚುಕ್ಕೆ ಗೆರೆ ಇದ್ದರೆ ಬಂಡಿದಾರಿ. ಜಮೀನು ಯಾರ ಹೆಸರಿಗೆ ಬಂದರೂ ಆ ದಾರಿ ಎಲ್ಲರದ್ದು. ಮುಚ್ಚಿದರೆ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ತೆರವು ಮಾಡಿಸಬಹುದು. ನಿಂತ ಜಾಗದ ಸರ್ವೆ ನಂಬರ್ ಬೇಕಾದರೆ ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲೇ ಸಿಗುತ್ತದೆ. ಪ್ರವಾಸೋದ್ಯಮ ಅಂತ ಕೋಟಿಗಟ್ಟಲೆ ಸುರಿದು ಏನೋ ಕಟ್ಟುವ ಬದಲು, ಈ ದಾರಿಗಳನ್ನು ಗುರುತಿಸಿ, ಕವಲಿನಲ್ಲಿ ಒಂದೊಂದು ಕಲ್ಲು ನೆಟ್ಟು, ಮುಚ್ಚದಂತೆ ಕಾದರೆ ಸಾಕು. ದಯವಿಟ್ಟು ಕಾಂಕ್ರೀಟ್ ಮಾತ್ರ ಹಾಕಬೇಡಿ.

ಕ್ವಾರಿಗಳದ್ದು ಇನ್ನೊಂದು ನೋವು. ಬೆಟ್ಟ ಕರಗುತ್ತಾ ಬಂದಂತೆ ಅದರ ಬುಡದ ದಾರಿಯೂ ಹೋಗುತ್ತದೆ. 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು ಆರು ಜನ ಸತ್ತರು. ಮರೆಯುವಂಥದ್ದಲ್ಲ ಅದು. ಟಿಪ್ಪರ್ ಓಡಾಡುವ ದಾರಿಗೆ ಸೈಕಲ್ ಹಾಕಲೇಬೇಡಿ.

ಸೈಕಲ್‌ನವರಿಗೂ ಜವಾಬ್ದಾರಿ ಇದೆ. ಮಳೆ ಬಂದ ಮರುದಿನ ಏರಿ ಮೇಲೆ ಹೋಗಬೇಡಿ. ಹಸಿ ಮಣ್ಣಿನಲ್ಲಿ ಬಿದ್ದ ಗಾಲಿ ಗುರುತೇ ಮುಂದಿನ ಮಳೆಗೆ ಕೊರಕಲು ಆಗುತ್ತದೆ. ಹೊಲದ ಬದುವಿನ ಮೇಲೆ ಓಡಿಸಬೇಡಿ. ರಾಗಿ ಕೊಯ್ಲಿನ ಹೊತ್ತಿನಲ್ಲಿ ದಾರಿಯಲ್ಲೇ ಒಕ್ಕಣೆ ಮಾಡುತ್ತಿದ್ದರೆ ಇಳಿದು ತಳ್ಳಿಕೊಂಡು ಹೋಗಿ. ಅವರದು ವರ್ಷದ ಅನ್ನ.

ಕೊನೆಗೆ ಸೈಕಲ್‌ಗಳನ್ನು ಲಗೇಜ್ ಆಟೋಗೆ ಹಾಕಿಕೊಂಡು ಗುಡಿಬಂಡೆಗೆ ಹೋದೆವು. ಅಮಾನಿ ಬೈರಸಾಗರ ಕೆರೆಯ ಸುತ್ತ ಬಂಡೆ, ಬಯಲು, ಕುರಿಮಂದೆ. ಕೋಟೆಯನ್ನು ನಡೆದು ಹತ್ತಿದೆವು. ಮಧ್ಯಾಹ್ನ ಮುದ್ದೆ, ಮಸ್ಸೊಪ್ಪು. ನನ್ನ ತಮ್ಮ ಅಲ್ಲೇ ಒಂದು ಕಲ್ಲಿನ ಇಳಿಜಾರನ್ನು ಕಾಲು ಊರದೆ ಇಳಿದ. ಅವನ ಮಗ ಚಪ್ಪಾಳೆ ಹೊಡೆದದ್ದು ನೋಡಿ ನನಗೆ ತುಂಬಾ ಖುಷಿಯಾಯಿತು.

ಅವರೆಕಾಯಿ ಕಾಲಕ್ಕೆ, ಸಂಕ್ರಾಂತಿ ಹೊತ್ತಿಗೆ, ಚಿಂತಾಮಣಿ ಕಡೆ ಕೈವಾರದ ಬೆಟ್ಟದ ಬುಡ ನೋಡಬೇಕು ಅಂತಿದ್ದೇವೆ. ಆ ಕಡೆಯವರು ಯಾವ ಏರಿ ಮೇಲೆ ಸೈಕಲ್ ಹೋಗುತ್ತದೆ, ಯಾವ ಬಂಡಿದಾರಿಗೆ ಬೇಲಿ ಬಿದ್ದಿದೆ ಅಂತ ತಿಳಿಸಿ. ಹೋಗುವಾಗ ಆ ಊರುಗಳ ನಕಾಶೆಯನ್ನೂ ಜೊತೆಗೆ ತರುತ್ತೇವೆ.