ಲಕೋಟೆಯ ಮೇಲೆ ಯಾರ ಹೆಸರು

ವಿಮಾ ಕಂಪನಿ ಕಳುಹಿಸುವ ಆ ಕಾಗದದ ನೆತ್ತಿಯ ಮೇಲೆ ‘ಇದು ಬಿಲ್ ಅಲ್ಲ’ ಎಂದು ದಪ್ಪ ಅಕ್ಷರಗಳಲ್ಲಿ ಅಚ್ಚಾಗಿರುತ್ತದೆ. ಯಾರು ಯಾವ ದಿನ ಯಾವ ವೈದ್ಯರ ಬಳಿ ಹೋದರು, ಎಷ್ಟು ಖರ್ಚಾಯಿತು, ಕಂಪನಿ ಎಷ್ಟು ಕೊಟ್ಟಿತು ಎಂಬ ಲೆಕ್ಕ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಇಷ್ಟು ವರ್ಷ ಬಾಳುವೆ ಮಾಡಿಯೂ ನಾನು ಅದನ್ನು ಸರಿಯಾಗಿ ಓದಿದವನಲ್ಲ. 2022ರ ಫೆಬ್ರವರಿಯಲ್ಲಿ ಬಂದದ್ದನ್ನು ಮಾತ್ರ ಓದಿದೆ. ಸ್ಯಾನ್ ಡಿಯಾಗೋದಲ್ಲಿ ಓದುತ್ತಿದ್ದ ಮಗಳ ಹೆಸರು, ಒಬ್ಬ ಮನಶ್ಶಾಸ್ತ್ರಜ್ಞೆಯ ಹೆಸರು, ನಾಲ್ಕು ತಾರೀಖುಗಳು, ನಾಲ್ಕರ ಮುಂದೆಯೂ ‘ಸೈಕೋಥೆರಪಿ’.

ನಿಂತ ಕಾಲಿನಲ್ಲೇ ಫೋನ್ ಮಾಡಿದೆ. “ಏನಾಗಿದೆ ಪುಟ್ಟಿ?” ಎಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಅಪ್ಪಾ, ನಿನಗೆ ಹೇಗೆ ಗೊತ್ತಾಯಿತು?” ಎಂದಳು. ಮಾರ್ಚ್‌ನಲ್ಲಿ ಅಂಥ ಕಾಗದ ಬರಲಿಲ್ಲ. ಏಪ್ರಿಲ್‌ನಲ್ಲೂ ಬರಲಿಲ್ಲ. ಅವಳು ಹೋಗುವುದನ್ನೇ ನಿಲ್ಲಿಸಿದ್ದಳು. ಕಾಳಜಿಯಿಂದ ಮಾಡಿದ ಆ ಒಂದು ಕರೆ ಅವಳಿಗೆ ಸಿಗುತ್ತಿದ್ದ ಆಸರೆಯನ್ನು ಕಿತ್ತುಕೊಂಡಿತು.

ನಾನು ಬೆಳೆದ ಹಾಸನದ ಕಡೆ ಇಂಥದ್ದೆಲ್ಲ ಹೇಗೆ ನಡೆಯುತ್ತಿತ್ತು ಎಂದು ಆಗ ಬಹಳ ಯೋಚಿಸಿದೆ. ಎಂಬತ್ತರ ದಶಕದಲ್ಲಿ ಚಿಕ್ಕಪ್ಪನನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದಾಗ ಜೊತೆಗೆ ನಾಲ್ಕು ಜನ ಬಸ್ ಹತ್ತಿದ್ದರು. ವೈದ್ಯರು ಚಿಕ್ಕಪ್ಪನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ತಾತ ಉತ್ತರ ಕೊಟ್ಟರಂತೆ. ದಾಖಲಾದ ಮೇಲೆ ಅಜ್ಜಿ ಮಂಚದ ಪಕ್ಕ ಚಾಪೆ ಹಾಸಿಕೊಂಡು ದಿನಗಟ್ಟಲೆ ಇದ್ದರು. ಅದನ್ನು ನಾನು ಹೀಗಳೆಯಲಾರೆ. ಆ ಕಾಯಿಲೆಯಲ್ಲಿ ಒಂಟಿಯಾಗಿ ಬಿದ್ದವರ ಪಾಡನ್ನು ಈ ದೇಶದ ಬೀದಿಗಳಲ್ಲಿ ಕಣ್ಣಾರೆ ನೋಡಿದ್ದೇನೆ. ನಮ್ಮಲ್ಲಿ ಗುಟ್ಟು ಇರಲಿಲ್ಲವೆಂದಲ್ಲ. ಚಿಕ್ಕಪ್ಪ ‘ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿದ್ದಾನೆ’ ಎಂದೇ ಬೀದಿಯವರೆಲ್ಲ ನಂಬಿದ್ದರು. ಮನೆಯ ಮಾತು ಹೊಸಿಲು ದಾಟುತ್ತಿರಲಿಲ್ಲ. ಹೊಸಿಲಿನ ಒಳಗೆ ಮಾತ್ರ ಯಾರ ಮಾತೂ ಅವರೊಬ್ಬರದಾಗಿರಲಿಲ್ಲ. ಚಿಕ್ಕಪ್ಪನಿಗೆ ತಾತನೆದುರು ಹೇಳಲಾಗದ್ದು ಏನಾದರೂ ಇತ್ತೇ ಎಂದು ಯಾರೂ ಕೇಳಲಿಲ್ಲ. ಈಗ ಕೇಳೋಣವೆಂದರೆ ಅವನಿಲ್ಲ.

ಇಲ್ಲಿ ಹೊಸಿಲು ಕೋಣೆಕೋಣೆಗೂ ಇದೆ. ಹದಿನೆಂಟು ತುಂಬಿದವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಚಿಕಿತ್ಸಕಿ ತಂದೆತಾಯಿಗೆ ಹೇಳುವಂತಿಲ್ಲ. ಆದರೆ 2010ರ ಆರೋಗ್ಯ ಕಾಯ್ದೆಯಿಂದಾಗಿ ಮಕ್ಕಳು 26 ತುಂಬುವವರೆಗೆ ತಂದೆತಾಯಿಯ ವಿಮೆಯಲ್ಲಿಯೇ ಉಳಿಯಬಹುದು, ಮತ್ತು ವಿಮೆ ಯಾರ ಹೆಸರಿನಲ್ಲಿದೆಯೋ ಅವರಿಗೆ ಲೆಕ್ಕ ಹೋಗುವುದು ವಾಡಿಕೆ. ಚಿಕಿತ್ಸಕಿ ಮುಚ್ಚಿಟ್ಟದ್ದನ್ನು ಅಂಚೆಯಣ್ಣ ತಂದುಕೊಡುತ್ತಾನೆ.

ದಾರಿಗಳು ಇಲ್ಲವೆಂದಲ್ಲ. ಹಿಪಾ ಎಂಬ ಕೇಂದ್ರ ಕಾಯ್ದೆಯ ನಿಯಮದಂತೆ, ತನ್ನ ಕಾಗದಪತ್ರಗಳನ್ನು ಬೇರೆ ವಿಳಾಸಕ್ಕೆ ಕಳುಹಿಸಿ ಎಂದು ಮಗಳೇ ವಿಮಾ ಕಂಪನಿಯನ್ನು ಕೇಳಬಹುದು. ಕಂಪನಿ ಅದಕ್ಕೆ ಒಪ್ಪಲೇಬೇಕಾದರೆ, ವಿಷಯ ಹೊರಬಿದ್ದರೆ ತನಗೆ ಅಪಾಯವಾಗಬಹುದು ಎಂದು ಅವಳು ಸ್ಪಷ್ಟವಾಗಿ ತಿಳಿಸಬೇಕು. ಅಪಾಯ! ಅಪ್ಪನನ್ನು ಪ್ರೀತಿಸುವ ಯಾವ ಹುಡುಗಿ ಆ ಪದವನ್ನು ಬರೆದಾಳು? ಅವಳಿಗೆ ಬೇಕಾಗಿದ್ದದ್ದು ನನ್ನಿಂದ ರಕ್ಷಣೆಯಲ್ಲ, ಚಿಕಿತ್ಸಕಿಯ ಎದುರು ನಾನಿಲ್ಲದ ಐವತ್ತು ನಿಮಿಷ. ಪೂರ್ತಿ ಹಣವನ್ನು ತಾನೇ ಕೊಟ್ಟು, ವಿಮೆಗೆ ತಿಳಿಸಬೇಡಿ ಎಂದು ಚಿಕಿತ್ಸಕಿಗೆ ಹೇಳಿದರೆ ಅವರು ಪಾಲಿಸಲೇಬೇಕು. ಆದರೆ ನಮ್ಮ ಕಡೆ ಒಂದು ಭೇಟಿಗೆ 150 ಡಾಲರ್ ದಾಟುವುದು ಸಾಮಾನ್ಯ. ವಿದ್ಯಾರ್ಥಿನಿ ಎಲ್ಲಿಂದ ತಂದಾಳು?

ಕ್ಯಾಲಿಫೋರ್ನಿಯಾ ಈ ವಿಷಯದಲ್ಲಿ ಮುಂದಿದೆ. 2022ರ ಜುಲೈನಿಂದ ಜಾರಿಯಲ್ಲಿರುವ ರಾಜ್ಯದ ನಿಯಮದ ಪ್ರಕಾರ, ಮನೋಚಿಕಿತ್ಸೆಯಂಥ ಸೂಕ್ಷ್ಮ ಸೇವೆಗಳ ಕಾಗದ ನೇರವಾಗಿ ಚಿಕಿತ್ಸೆ ಪಡೆದವರ ಹೆಸರಿಗೇ ಹೋಗಬೇಕು; ಅಪಾಯವೆಂಬ ಮಾತಿನ ಹಂಗಿಲ್ಲ. ನಮಗೆ ಐದು ತಿಂಗಳು ತಡವಾಯಿತು. ಆದರೂ ನಮ್ಮವರು ಗಮನಿಸಬೇಕಾದದ್ದು ಒಂದಿದೆ. ಅನೇಕ ದೊಡ್ಡ ಕಂಪನಿಗಳು ನೌಕರರ ಆಸ್ಪತ್ರೆ ಖರ್ಚನ್ನು ತಾವೇ ಭರಿಸುತ್ತವೆ, ವಿಮಾ ಕಂಪನಿ ಅಲ್ಲಿ ಬರೀ ಗುಮಾಸ್ತ. ಅಂಥ ಏರ್ಪಾಡುಗಳಿಗೆ ರಾಜ್ಯದ ಈ ನಿಯಮ ಅನ್ವಯಿಸುವುದಿಲ್ಲ. ಬೇರೆ ವಿಳಾಸ ಕೊಡದಿದ್ದರೆ ಲಕೋಟೆ ಬರುವುದೂ ಮನೆಯ ಡಬ್ಬಿಗೇ. ನಮ್ಮ ಮನೆಗಳಲ್ಲಿ ಮಕ್ಕಳ ಹೆಸರಿನ ಲಕೋಟೆ ಒಡೆಯುವುದನ್ನು ಯಾರು ತಪ್ಪೆಂದು ತಿಳಿದಿದ್ದಾರೆ?

ಭಾರತದಲ್ಲಿ ಈ ತೊಡಕು ಬೇರೆ ರೂಪದಲ್ಲಿದೆ. ಅಲ್ಲಿಯ ಆರೋಗ್ಯ ವಿಮೆ ಬಹುಮಟ್ಟಿಗೆ ಆಸ್ಪತ್ರೆಗೆ ದಾಖಲಾದವರಿಗೆ. ಬೆಂಗಳೂರಿನಲ್ಲಿರುವ ನನ್ನ ಅಕ್ಕನ ಮಗ ಆಪ್ತಸಮಾಲೋಚಕರಿಗೆ ಪ್ರತಿ ಸಲ ಸಾವಿರದೈನೂರು ರೂಪಾಯಿಯನ್ನು ಮೊಬೈಲ್‌ನಿಂದಲೇ ಕೊಡುತ್ತಾನೆ. ಯಾವ ಲಕೋಟೆಯೂ ಮನೆಗೆ ಬರುವುದಿಲ್ಲ. ಸಂಬಳ ಇಲ್ಲದವರಿಗೆ ಆ ಗುಟ್ಟು ಎಟುಕದು. ಇಷ್ಟಾಗಿಯೂ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ನನಗೆ ಬಹಳ ಹಿಡಿಸಿದ ಮಾತೊಂದಿದೆ: ಪ್ರಾಪ್ತ ವಯಸ್ಸಿನವರು ತಮ್ಮ ಪ್ರತಿನಿಧಿಯನ್ನು ತಾವೇ ಹೆಸರಿಸಬಹುದು. ಪಕ್ಕದಲ್ಲಿ ಕೂರುವವರು ತಾತನೇ ಆಗಬೇಕಿಲ್ಲ, ಚಿಕ್ಕಪ್ಪ ಆರಿಸಿದವರು. ಅವನ ಕಾಲಕ್ಕೆ ಅದು ಇರಬೇಕಿತ್ತು.

ವಿಮೆಯ ಕಂತು ಕಟ್ಟುವವನು ನಾನು, ಆದ್ದರಿಂದ ತಿಳಿಯುವ ಹಕ್ಕು ನನ್ನದು ಎಂದು ಇಲ್ಲಿಯ ಗೆಳೆಯರು ವಾದಿಸುತ್ತಾರೆ. ಒಪ್ಪಲಾರೆ. ಕಾಲೇಜಿನ ಶುಲ್ಕವನ್ನೂ ನಾವೇ ಕಟ್ಟುತ್ತೇವೆ. ಹಾಗೆಂದು ತರಗತಿಯಲ್ಲಿ ಹೋಗಿ ಕೂರುವುದಿಲ್ಲ. ಮಕ್ಕಳಿಗೆ ಹದಿನೆಂಟು ತುಂಬಿದ ದಿನ, ವಿಳಾಸ ಬದಲಿಸುವ ಅರ್ಜಿ ಎಲ್ಲಿ ಸಿಗುತ್ತದೆ ಎಂಬುದನ್ನು ತಂದೆತಾಯಿಯೇ ತೋರಿಸಿಕೊಡಲಿ. ನಾನು ತೋರಿಸಿದೆ, ತಡವಾಗಿ. ಅವಳು ಅದನ್ನು ತುಂಬಿದಳೋ ಇಲ್ಲವೋ ಕೇಳಲಿಲ್ಲ.

ಕಳೆದ ಯುಗಾದಿಗೆ ಅವಳು ಬರುವ ಮುನ್ನಾದಿನ ಅದೇ ವಿಮಾ ಕಂಪನಿಯ ಲಕೋಟೆಯೊಂದು ಡಬ್ಬಿಯಲ್ಲಿತ್ತು, ಅವಳ ಹೆಸರಿಗೆ. ತಂದು ಅವಳ ಕೋಣೆಯ ಮೇಜಿನ ಮೇಲಿಟ್ಟೆ. “ಏನದು?” ಎಂದಳು ಹೆಂಡತಿ, ಹೋಳಿಗೆಯ ಕಣಕ ನಾದುತ್ತ.

“ಅವಳದು” ಎಂದೆ.